ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿದೆಯಾ?

2023ರ ಮೇ 10ರಂದು ವಿಧಾನಸಭೆಗೆ ಓಟು ಹಾಕಲು ಹೋದ ನಮ್ಮ ಬೀದಿಯ ಕೆಲವರು ವೋಟರ್ ಕಾರ್ಡ್ ಹಿಡಿದುಕೊಂಡೇ ವಾಪಸ್ ಬಂದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಹೆಚ್ಚಿನವರು ಬಾಡಿಗೆ ಮನೆ ಬದಲಿಸಿದವರು. ಬೆಂಗಳೂರಿನವರು ರಜೆ ಸಿಕ್ಕರೆ ಊರು ಬಿಡುತ್ತಾರೆ ಅಂತ ಎಲ್ಲರೂ ಬೈಯುತ್ತಾರೆ. ಬೈಯಲಿ. ಆದರೆ ಬೂತ್ ತನಕ ಹೋಗಿ ಬಂದ ಇವರನ್ನು ಸೋಮಾರಿಗಳು ಅನ್ನೋಕಾಗುತ್ತಾ?

ಅದಕ್ಕೇ 2024ರ ಲೋಕಸಭೆ ಚುನಾವಣೆಗೆ ಜನವರಿಯಲ್ಲೇ ಕೆಲಸ ಶುರು ಮಾಡಿದೆ. ಮೊದಲು ನಮ್ಮ ಮನೆಯವರ ಹೆಸರು, ಆಮೇಲೆ ಅಕ್ಕಪಕ್ಕದವರದ್ದು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ತಲೆ ಕೆಡುತ್ತದೆ. ಅಕ್ಷರ ಒಂದು ಆಚೀಚೆ ಆದರೂ ಸಿಗುವುದಿಲ್ಲ. ವೋಟರ್ ಕಾರ್ಡಿನ ಮೇಲಿರುವ ಎಪಿಕ್ ಸಂಖ್ಯೆ, ಅಂದರೆ ಆ ಕಾರ್ಡಿನ ನಂಬರ್ ಹಾಕಿದರೆ ಸಲೀಸು. ಹೆಸರು ಸಿಕ್ಕಿದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಬೂತಿನ ವಿಳಾಸ ಮೂರನ್ನೂ ಬರೆದಿಟ್ಟುಕೊಳ್ಳಿ.

ನನ್ನ ಹೆಸರು ಇನ್ನೂ ಹಳೇ ಮನೆಯ ವಿಳಾಸದಲ್ಲೇ ಇತ್ತು. ಅದಕ್ಕೆ ಫಾರಂ 8. ಹೊಸದಾಗಿ ಸೇರುವವರಿಗೆ ಫಾರಂ 6. ಮನೆ ಬದಲಿಸಿದವರು ಮತ್ತೆ ಫಾರಂ 6 ಹಾಕಿದರೆ ಎರಡು ಕಡೆ ಹೆಸರು ಬಂದು ಗೊಂದಲ. ಅರ್ಜಿ ಹಾಕಿ ಸುಮ್ನೆ ಕೂತರೆ ಮುಗಿಯುವುದಿಲ್ಲ, ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಬಂದು ಪರಿಶೀಲನೆ ಮಾಡಬೇಕು. ನಮ್ಮ ಭಾಗದ ಬಿಎಲ್‌ಒ ಶಾಲಾ ಟೀಚರ್. ಹಗಲು ಪಾಠ, ಸಂಜೆ ಮನೆ ಮನೆ ಸುತ್ತಾಟ. "ಮೇಡಂ, ನೀವು ಬಂದಾಗ ಬೀಗ ಹಾಕಿರುತ್ತೆ, ಭಾನುವಾರ ಬರೋಕಾಗುತ್ತಾ?" ಅಂತ ಕೇಳಿದೆ. ಪಾಪ, ಬಂದರು. ಮನೆ ಬೀಗ ಹಾಕಿದ್ದರೆ, ಇಲ್ಲಿದ್ದವರು ಖಾಲಿ ಮಾಡಿದ್ದಾರೆ ಅಂತ ಅಕ್ಕಪಕ್ಕದವರು ಹೇಳಿಬಿಟ್ಟರೆ, ಹೆಸರು ಹೋಗುವ ದಾರಿ ಅಲ್ಲಿಂದಲೇ ತೆರೆದುಕೊಳ್ಳುತ್ತದೆ. ಅರ್ಜಿ ಎಲ್ಲಿ ನಿಂತಿದೆ ಅಂತ ನೋಡಲು ಸಿಗುವ ರೆಫರೆನ್ಸ್ ನಂಬರನ್ನು ಎಲ್ಲರೂ ಜೋಪಾನ ಮಾಡಿ. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದಾಗಲೂ ಅದು ಕೈಯಲ್ಲಿದ್ದರೆ ಒಳ್ಳೆಯದು.

ಬಹಳ ಜನಕ್ಕೆ ಗೊತ್ತಿಲ್ಲದ್ದು ಗಡುವಿನ ವಿಷಯ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಹೆಸರು ಸೇರಿಸುವುದಿಲ್ಲ. ನಮಗೆ ಅದು ಏಪ್ರಿಲ್ 4, ಮತದಾನ ಏಪ್ರಿಲ್ 26. ಅರ್ಜಿ ವಿಲೇವಾರಿಗೂ ಸಮಯ ಬೇಕಲ್ವಾ, ಹಾಗಾಗಿ ಅದಕ್ಕಿಂತ ಎಷ್ಟೋ ಮೊದಲೇ ಹಾಕಿರಬೇಕು. ಮತದಾನದ ದಿನ ಬೂತಿನಲ್ಲಿ ಜಗಳ ಮಾಡಿದರೆ ಅಲ್ಲಿನ ಸಿಬ್ಬಂದಿ ಏನೂ ಮಾಡಲಾರರು. ಅವರ ಕೈಯಲ್ಲಿರುವುದು ಅಚ್ಚಾದ ಪಟ್ಟಿ ಮಾತ್ರ.

ಎದುರು ಮನೆಯ ಅಜ್ಜಿಗೆ 85 ದಾಟಿದೆ, ಮೆಟ್ಟಿಲು ಹತ್ತಲಾರರು. ಮನೆಯಿಂದಲೇ ಓಟು ಹಾಕಲು ಫಾರಂ 12ಡಿ ಇದೆ. ಅದನ್ನು ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು. ಅಧಿಸೂಚನೆ ಮಾರ್ಚ್ 28ಕ್ಕೆ ಬಂತು, ಅಜ್ಜಿಯ ಫಾರಂ ಮೊದಲೇ ತುಂಬಿಸಿ ಇಟ್ಟಿದ್ದೆವು. ಅಜ್ಜಿಗೆ ಮಾತ್ರ ಬೇಜಾರು. "ಬೂತಿಗೆ ಹೋದರೆ ನಾಲ್ಕು ಜನ ಸಿಗ್ತಿದ್ರು ಕಣಪ್ಪಾ" ಅಂದರು.

ಮತದಾನದ ದಿನ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಮನೆಗೆ ಬರುವ ಮತದಾರರ ಚೀಟಿಯೊಂದೇ ಗುರುತಿಗೆ ಸಾಲದು. ವೋಟರ್ ಕಾರ್ಡ್ ಇಲ್ಲದವರು ಆಧಾರ್, ಡ್ರೈವಿಂಗ್ ಲೈಸೆನ್ಸ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಹೀಗೆ ಏನಾದರೂ ತೋರಿಸಬಹುದು. ಸಂಜೆ 6ಕ್ಕೆ ಸಾಲಿನಲ್ಲಿ ಇದ್ದವರಿಗೆಲ್ಲ ಟೋಕನ್ ಕೊಟ್ಟು ಓಟು ಹಾಕಿಸುತ್ತಾರೆ, ಗಾಬರಿ ಬೇಡ.

ನನ್ನ ಪರಿಚಯದ ಒಬ್ಬರಿಗೆ ಮಾತ್ರ ಬೇರೆಯದೇ ಆಯಿತು. ಪಟ್ಟಿಯಲ್ಲಿ ಹೆಸರಿತ್ತು, ಆದರೆ ಅವರ ಓಟನ್ನು ಬೇರೆ ಯಾರೋ ಆಗಲೇ ಹಾಕಿಬಿಟ್ಟಿದ್ದರು. ಮನೆಗೆ ಹೊರಟವರನ್ನು ತಡೆದು, ಬೂತಿನ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಯ ಹತ್ತಿರ ಟೆಂಡರ್ ಮತ, ಅಂದರೆ ಹೀಗಾದವರಿಗೆ ಕೊಡುವ ಬೇರೆ ಮತ ಕೇಳಿ ಅಂದೆ. ಗುರುತು ಖಚಿತಪಡಿಸಿಕೊಂಡು ಕಾಗದದ ಮತಪತ್ರ ಕೊಟ್ಟರು. ಹಾಕಿದ್ದು ಯಂತ್ರಕ್ಕಲ್ಲ, ಬೇರೆ ಲಕೋಟೆಗೆ ಹೋಯಿತು. "ಇದು ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದರು. ಸಾಮಾನ್ಯ ಎಣಿಕೆಯಲ್ಲಿ ಬರಲ್ಲ, ಫಲಿತಾಂಶದ ಜಗಳ ಕೋರ್ಟಿಗೆ ಹೋದರೆ ಮಾತ್ರ ಕೆಲಸಕ್ಕೆ ಬರಬಹುದು ಅಂತ ಇದ್ದದ್ದನ್ನೇ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ನನಗೂ ಇಲ್ಲ.