ಸದ್ದು ತೆಗೆಯಲು ಹೋಗಿ ಬ್ಯಾಂಜೊ ಕಳೆದುಕೊಂಡೆ

ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್‌ರ ಆರ್ಕೆಸ್ಟ್ರಾ 1930ರಲ್ಲಿ ನುಡಿಸಿದ ‘ಮೂಡ್ ಇಂಡಿಗೊ’ ನನ್ನ ಹತ್ತಿರ ಮೂರು ಸಿಡಿಗಳಲ್ಲಿದೆ. ಮೂರೂ ರೀಮಾಸ್ಟರ್, ಅಂದರೆ ಹಳೇ ಧ್ವನಿಮುದ್ರಣವನ್ನು ತಿದ್ದಿ ತೀಡಿದ್ದು. ಒಂದರಲ್ಲಂತೂ ಚಟಪಟ ಸದ್ದು ಚೂರೂ ಇಲ್ಲ. ಆದರೆ ಬಾರ್ನಿ ಬಿಗಾರ್ಡರ ಕ್ಲಾರಿನೆಟ್ಟಿಗೆ ಹತ್ತಿ ತುರುಕಿದ ಹಾಗಿದೆ. ಆ ಸಂಕಟ ತಡೆಯಲಾರದೆ ಅದೇ ಹಾಡಿನ 78ರ ಪ್ಲೇಟೊಂದನ್ನು (ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆ) ತರಿಸಿಕೊಂಡು ನಾನೇ ಕೂತೆ.

ಕೈ ಪಳಗಲಿ ಅಂತ ಮೊದಲು ಬೇರೊಂದು ಹಳೇ ಪ್ಲೇಟನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು. ಕೊಳೆ ಬರುತ್ತಿದೆ ಅಂದುಕೊಂಡೆ, ಬರುತ್ತಿದ್ದದ್ದು ಪ್ಲೇಟೇ! 78ರ ಪ್ಲೇಟುಗಳಲ್ಲಿರುವುದು ಶೆಲ್ಯಾಕ್, ಅಂದರೆ ನಮ್ಮ ಅರಗು. ಬಡಗಿಗಳು ಪಾಲಿಶ್‌ಗೆ ಸ್ಪಿರಿಟ್‌ನಲ್ಲಿ ಕರಗಿಸುವುದೂ ಅದನ್ನೇ. ಆ ಹಾಡು ಹೋಯಿತು. ಈಗ ಡಿಸ್ಟಿಲ್ಡ್ ವಾಟರ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್, ಅಷ್ಟೇ. ಲೇಬಲ್ ಮಾತ್ರ ನೆನೆಯಬಾರದು.

ಆಮೇಲೆ ಮುಳ್ಳು. ಎಲ್‌ಪಿ ಮುಳ್ಳಿನ ತುದಿ ಸುಮಾರು 25 ಮೈಕ್ರಾನ್, 78ಕ್ಕೆ ಬೇಕಾದದ್ದು 75ರ ಆಸುಪಾಸು. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಧೂಳನ್ನು ಕೆರೆಯುತ್ತದೆ. ಎರಡು ಮೂರು ಅಳತೆ ಹಾಕಿ ನೋಡಿದರೆ, ಹಳೆಯ ಉಕ್ಕಿನ ಪಿನ್ನು ಸವೆಸದೆ ಬಿಟ್ಟ ಜಾಗ ಯಾವುದೋ ಒಂದಕ್ಕೆ ಸಿಗುತ್ತದೆ.

ವೇಗವನ್ನು ನಾನು ಶ್ರುತಿ ನೋಡಿಯೇ ಹೊಂದಿಸುವುದು. ಆಗಿನ ಕಾಲದ ಪ್ಲೇಟೆಲ್ಲ ಕರಾರುವಾಕ್ಕಾಗಿ 78ರಲ್ಲೇ ತಿರುಗಬೇಕೆಂದಿಲ್ಲ, ಶೇ. 6 ವ್ಯತ್ಯಾಸವಾದರೆ ಅರ್ಧ ಸ್ವರವೇ ಏರುಪೇರು. ಕೀಬೋರ್ಡಿನಲ್ಲಿ ಈ ಹಾಡಿನ ಶ್ರುತಿಯಾದ ಬಿ ಫ್ಲ್ಯಾಟ್ ಒತ್ತಿ ಹಿಡಿದು, ಹಾಡು ಅದರೊಳಗೆ ಕೂರುವ ತನಕ ತಿರುಗಿಸಿದೆ.

ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕಷ್ಟವಾದದ್ದು ಸರಸರ ಸದ್ದು. ಈ ಹಾಡಿನ ಮೊದಲ ಸಾಲಿನಲ್ಲಿ ಆರ್ಥರ್ ವೆಟ್ಸೊಲ್‌ರ ಟ್ರಂಪೆಟ್, ನ್ಯಾಂಟನ್‌ರ ಟ್ರಾಂಬೋನ್ ಎರಡಕ್ಕೂ ಮ್ಯೂಟ್, ಅಂದರೆ ಸದ್ದು ತಗ್ಗಿಸಲು ಬಾಯಿಗೆ ಸಿಕ್ಕಿಸುವ ಮುಚ್ಚಳದಂಥದ್ದು, ಇದೆ. ಸಾಮಾನ್ಯವಾಗಿ ಮೇಲಿರುವ ಕ್ಲಾರಿನೆಟ್ಟನ್ನು ಎಲಿಂಗ್ಟನ್ ಇಲ್ಲಿ ಎಲ್ಲಕ್ಕಿಂತ ಕೆಳಗಿಟ್ಟಿದ್ದಾರೆ. ಮೂರೂ ಉಸಿರಿನಷ್ಟೇ ಮೆಲ್ಲಗೆ. ಪ್ಲೇಟಿನ ಸರಸರವೂ ಆ ಉಸಿರೂ ಅಕ್ಕಪಕ್ಕದಲ್ಲೇ ಇರುತ್ತವೆ, ಸಾಫ್ಟ್‌ವೇರಿಗೆ ಬೇರೆ ಮಾಡಲು ಬರುವುದಿಲ್ಲ. ತೆಗೆದುಹಾಕಿದ್ದನ್ನಷ್ಟೇ ಕೇಳಿಸುವ ಒಂದು ಬಟನ್ ಅದರಲ್ಲಿದೆ. ಒತ್ತಿದೆ. ಗಾಳಿಯಂಥ ಸದ್ದಿನ ನಡುವೆ ಫ್ರೆಡ್ ಗೈ ಅವರ ಬ್ಯಾಂಜೊ ಮೀಟು ಟಿಕ್ ಟಿಕ್ ಅಂತ ಸ್ಪಷ್ಟವಾಗಿ ಕೇಳಿತು. ಎದೆ ಧಸಕ್ಕೆಂದಿತು. ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಚಟಪಟಗಳನ್ನು ಒಂದೊಂದಾಗಿ ಕೈಯಾರೆ ತೆಗೆದೆ, ಸರಸರವನ್ನು ಬರೀ 3 ಡೆಸಿಬೆಲ್ ಇಳಿಸಿ ಬಿಟ್ಟೆ.

ಈಗ ಸಿಡಿ ಕೊಳ್ಳುವಾಗ ಪ್ಲೇಟಿನಿಂದ ಇಳಿಸಿಕೊಂಡವರ ಹೆಸರು ಹುಡುಕುತ್ತೇನೆ. ಈ ಕೆಲಸಕ್ಕೇ ಹೆಸರಾದ ಜಾನ್ ಆರ್. ಟಿ. ಡೇವೀಸ್ ಅಂತಿದ್ದರೆ ಬೇರೇನೂ ನೋಡುವುದಿಲ್ಲ.