ಎಂಟು ಜಿಬಿಯಲ್ಲಿ ವರ್ಚುವಲ್ ಮಷಿನ್‌ಗೆ ಸಿಗುವುದೆಷ್ಟು?

ಶಿರಸಿಯ ಅಡಿಕೆ ವಖಾರಿಗಳಲ್ಲಿ ಲೆಕ್ಕದ ಹಳೆಯ ಸಾಫ್ಟ್‌ವೇರ್ ವಿಂಡೋಸ್ 7 ಬಿಟ್ಟು ಏಳುವುದಿಲ್ಲ ಎಂದಾಗ ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷಿನ್ನನ್ನು, ಓಡಿಸುವ ಸಾಫ್ಟ್‌ವೇರ್) ಒಳಗೆ ಅದನ್ನು ಕೂರಿಸಿಕೊಡುತ್ತೇನೆ. ಎಲ್ಲರದ್ದೂ ಒಂದೇ ಪ್ರಶ್ನೆ: ಎಂಟು ಜಿಬಿ ರ‍್ಯಾಮ್ ಇದೆಯಲ್ಲ, ಆರು ಕೊಟ್ಟುಬಿಡಬಹುದಲ್ಲ? ಕೊಡಬಾರದು.

ಹೋಸ್ಟ್, ಅಂದರೆ ನಿಜವಾದ ಕಂಪ್ಯೂಟರ್, ಉಂಡು ಮಿಕ್ಕಿದ್ದೇ ಗೆಸ್ಟ್‌ಗೆ, ಅಂದರೆ ಒಳಗಿನ ವರ್ಚುವಲ್ ಮಷಿನ್‌ಗೆ. ಮಿಕ್ಕಿದ್ದನ್ನು ಬೂಟ್ ಆದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಬ್ರೌಸರ್, ಆಂಟಿವೈರಸ್, ಪ್ರಿಂಟರ್ ಎಲ್ಲ ಓಡುತ್ತಿರುವಾಗ, ಟೆಂಡರಿನ ಗಡಿಬಿಡಿಯ ಹೊತ್ತಿಗೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಅವೈಲಬಲ್’ ನೋಡುತ್ತೇನೆ. 3.5 ಜಿಬಿ ಕಂಡರೆ ಗೆಸ್ಟ್‌ಗೆ 2 ಜಿಬಿ; ಉಳಿದದ್ದು ಹೋಸ್ಟ್ ಉಸಿರಾಡಲಿಕ್ಕೆ. 32 ಬಿಟ್‌ನ ವಿಂಡೋಸ್ 7 ಕೇಳುವ ಕನಿಷ್ಠವೇ 1 ಜಿಬಿ, ಹಾಗಾಗಿ ಎರಡು ಧಾರಾಳ. ಅದೇ ಪುಟದ ‘ಹಾರ್ಡ್‌ವೇರ್ ರಿಸರ್ವ್ಡ್’ ಅಂಕಿಯನ್ನೂ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಗೆಂದು ಬಯಾಸ್ (ಯಂತ್ರವನ್ನು ಶುರುಮಾಡುವ ಮೂಲ ಸಾಫ್ಟ್‌ವೇರ್) ಎತ್ತಿಟ್ಟ ಪಾಲು ಅಲ್ಲಿರುತ್ತದೆ. ಅದು ವಿಂಡೋಸ್‌ಗೂ ಸಿಗದು, ಗೆಸ್ಟ್‌ಗೂ ಸಿಗದು.

ಹೋಸ್ಟೇ 32 ಬಿಟ್ ಆಗಿದ್ದರೆ ಮಾತ್ರ ರ‍್ಯಾಮ್ ಖರೀದಿಸಿ ದುಡ್ಡು ಹಾಳು ಮಾಡಬೇಡಿ. 8 ಜಿಬಿ ಹಾಕಿದರೂ ವಿಂಡೋಸ್ 4ರೊಳಗೇ ನಿಲ್ಲುತ್ತದೆ, ಅದರಲ್ಲೂ ಸಾಧನಗಳ ವಿಳಾಸಕ್ಕೆ ಒಂದಿಷ್ಟು ಹೋಗುತ್ತದೆ. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 2 ಜಿಬಿ ವಿಳಾಸವಷ್ಟೇ ಇರುವುದರಿಂದ ಒಂದು ವರ್ಚುವಲ್ ಮಷಿನ್‌ಗೆ ಒಂದೂವರೆ ಜಿಬಿ ದಾಟಿಸುವುದೇ ಕಷ್ಟ. ವರ್ಚುವಲ್‌ಬಾಕ್ಸ್ 6.0ರಿಂದ ಅಂಥ ಹೋಸ್ಟ್‌ಗಳನ್ನೇ ಕೈಬಿಟ್ಟಿದೆ.

ಲಿನಕ್ಸ್ ಹೋಸ್ಟ್‌ನಲ್ಲಿ free ಆದೇಶ ತೋರಿಸುವ ‘ಫ್ರೀ’ ಕಾಲಮ್ ಕಡಿಮೆ ಕಂಡರೆ ಗಾಬರಿ ಬೇಡ. ಖಾಲಿ ಜಾಗವನ್ನು ಅದು ಡಿಸ್ಕ್ ಕ್ಯಾಶ್‌ಗೆ (ಡಿಸ್ಕಿನಿಂದ ಓದಿದ್ದನ್ನು ಮತ್ತೆ ಬೇಕಾದೀತೆಂದು ಹಿಡಿದಿಡಲು) ಬಳಸಿ, ಬೇಕೆಂದಾಗ ಬಿಟ್ಟುಕೊಡುತ್ತದೆ; ಇಲ್ಲೂ ನೋಡಬೇಕಾದ್ದು ‘ಅವೈಲಬಲ್’. ಡಿಸ್ಕಿನಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದ್ದರೆ ಕತೆ ಬೇರೆ. ಅದರದೇ ಎಆರ್‌ಸಿ ಎಂಬ ಕ್ಯಾಶ್‌ಗೆ ಬಹಳ ಆವೃತ್ತಿಗಳಲ್ಲಿ ಅರ್ಧ ರ‍್ಯಾಮ್‌ವರೆಗೆ ಪರವಾನಗಿ, ಬಿಟ್ಟುಕೊಡುವುದೂ ನಿಧಾನ. 16 ಜಿಬಿ ಯಂತ್ರದಲ್ಲಿ ಅದಕ್ಕೆ 2 ಜಿಬಿ ಮಿತಿ ಹಾಕುತ್ತೇನೆ. ಮಿತಿಯ ಅಂಕಿಯನ್ನು ಬೈಟ್‌ನಲ್ಲಿ, 2147483648 ಎಂದು ಬರೆಯಬೇಕು. ಮಿತಿ ಹಾಕದೆ ಮೆಮೊರಿ ಮುಗಿದರೆ ಲಿನಕ್ಸಿನ ತಿರುಳಾದ ಕರ್ನೆಲ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರೋಗ್ರಾಮನ್ನೇ ಕೊಲ್ಲುತ್ತದೆ, ಹೆಚ್ಚಿನ ಸಲ ಅದು ನಿಮ್ಮ ವರ್ಚುವಲ್ ಮಷಿನ್ನೇ. ಗೆಸ್ಟ್ ಸದ್ದಿಲ್ಲದೆ ಮಾಯವಾದರೆ ಹೋಸ್ಟ್‌ನ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಹುಡುಕಿ.

ನಮ್ಮ ಮಳೆಗಾಲದ ಕರೆಂಟಿಗೂ ಇದಕ್ಕೂ ಸಂಬಂಧವಿದೆ. ಕರೆಂಟ್ ಹೋದಾಗ ‘ಸೇವ್ ಸ್ಟೇಟ್’ ಒತ್ತಿದರೆ ಗೆಸ್ಟ್ ಬಳಸಿದ ಮೆಮೊರಿಯೆಲ್ಲ ಡಿಸ್ಕಿಗೆ ಇಳಿಯಬೇಕು. ಸೆಕೆಂಡಿಗೆ 100 ಎಂಬಿ ಬರೆಯುವ ಹಾರ್ಡ್‌ಡಿಸ್ಕಿನಲ್ಲಿ 2 ಜಿಬಿಗೆ ಇಪ್ಪತ್ತು ಸೆಕೆಂಡು, 6 ಜಿಬಿಗೆ ಪೂರ್ತಿ ಒಂದು ನಿಮಿಷ. ಬ್ಯಾಟರಿ ಸೊರಗಿದ ಯುಪಿಎಸ್ ಅಷ್ಟು ಹೊತ್ತು ಕಾಯುವುದಿಲ್ಲ.