ಮೊದಲು ಚೌಕ, ಆಮೇಲೆ ಚಿತ್ರ: ಒಬ್ಬರೇ ಗೇಮ್ ಮಾಡುವವರಿಗೆ

ಹಗಲು ಆಫೀಸು, ರಾತ್ರಿ ಒಂಬತ್ತರ ಮೇಲೆ ಗೇಮು. ವಾರಕ್ಕೆ 8 ಗಂಟೆ ಸಿಕ್ಕರೆ ನನಗೆ ಹಬ್ಬ. ಸಂತೆಯಲ್ಲಿ ತರಕಾರಿ ಗಾಡಿ ತಳ್ಳುವ ಆಟ ನನ್ನದು. ಮೊದಲ ಎರಡು ತಿಂಗಳು ಬರೀ ಚಿತ್ರ ಬಿಡಿಸಿದೆ. ಟೊಮೆಟೊ ರಾಶಿ, ತಕ್ಕಡಿ, ಟಾರ್ಪಾಲು, ಎಲ್ಲವೂ ಪಕ್ಕದಿಂದ ಕಾಣುವ ಹಾಗೆ. ಆಡಿ ನೋಡಿದರೆ ಮಜವೇ ಇಲ್ಲ. ಗಾಡಿ ತಿರುಗಿಸುವುದರಲ್ಲೇ ಆಟ ಇರುವುದು, ಅದಕ್ಕೆ ಮೇಲಿನಿಂದ ನೋಡುವ ಕ್ಯಾಮೆರಾ ಬೇಕು. ಬಿಡಿಸಿದ್ದೆಲ್ಲ ದಂಡ.

ಹಾಗಾಗಿ ಮೊದಲು ಬರೀ ಚೌಕಗಳಲ್ಲಿ ಆಟ ಕಟ್ಟಿ. ಗಾಡಿಗೆ ಕಂದು ಚೌಕ, ಗಿರಾಕಿಗೆ ನೀಲಿ. ಬೇರೆಯವರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಸುಮ್ನೆ ಕೂತು ನೋಡಿ. "ಇನ್ನೊಂದ್ಸಲ ಆಡ್ತೀನಿ" ಅಂದರೆ ಮಾತ್ರ ಬ್ರಷ್ ಹಿಡಿಯಿರಿ. 2018ರ ಸೆಲೆಸ್ಟ್ ಗೇಮ್ ಶುರುವಾಗಿದ್ದು ಪುಟ್ಟ ಆಟ ಮಾಡಲೆಂದೇ ಇರುವ ಪಿಕೊ-8 ಎಂಬ ಸಾಫ್ಟ್‌ವೇರ್‌ನಲ್ಲಿ, ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಆಟವಾಗಿ. ಪಿಕೊ-8ರ ಪರದೆ 128×128 ಪಿಕ್ಸೆಲ್, ಬಣ್ಣ 16. ಅಲ್ಲಿ ಚಂದ ಮಾಡುತ್ತಾ ಕೂರಲು ಜಾಗವೇ ಇಲ್ಲ!

ಈಗ ಗಡಿಯಾರ ಎದುರಿಗಿಟ್ಟುಕೊಂಡು ಒಂದೇ ಒಂದು ಪಾತ್ರವನ್ನು ಪೂರ್ತಿ ಮುಗಿಸಿ. ನಿಂತ ಚಿತ್ರ ಲೆಕ್ಕಕ್ಕಿಲ್ಲ, ಅದು ನಡೆಯಬೇಕು. ನಾಲ್ಕು ದಿಕ್ಕು, ದಿಕ್ಕಿಗೆ 6 ಫ್ರೇಮ್ (ನಡಿಗೆಯ ಒಂದೊಂದು ಹಂತದ ಚಿತ್ರ), ಅಂದರೆ 24 ಚಿತ್ರ. 32×32 ಪಿಕ್ಸೆಲ್ ಸೈಜಿನಲ್ಲಿ ನನಗೆ ಒಂದಕ್ಕೆ 10 ನಿಮಿಷ ಹಿಡಿಯಿತು, ಒಟ್ಟು 4 ಗಂಟೆ. 128×128ರಲ್ಲಿ ಒಂದಕ್ಕೆ 45 ನಿಮಿಷ, ಒಟ್ಟು 18 ಗಂಟೆ. ನನಗೆ ಬೇಕಿದ್ದದ್ದು ಐದು ಪಾತ್ರ. ಒಂದು ಕಡೆ 20 ಗಂಟೆ, ಇನ್ನೊಂದು ಕಡೆ 90. ನನ್ನ ರಾತ್ರಿಗಳ ಲೆಕ್ಕದಲ್ಲಿ ಎರಡೂವರೆ ವಾರ ಅಥವಾ ಹನ್ನೊಂದು ವಾರ. ಇದರ ಮೇಲೆ "ಲುಂಗಿ ಬದಲು ಪಂಚೆ ಇರಲಿ" ಅನಿಸಿತೋ, 24 ಚಿತ್ರವನ್ನೂ ಮತ್ತೆ ತಿದ್ದಬೇಕು. ಸಮಯ ಜಾಸ್ತಿ ತಿನ್ನುವುದು ಈ ತಿದ್ದುವಿಕೆಯೇ.

ಕೆಲಸ ಉಳಿಸುವ ದಾರಿಯೂ ಇದೆ. ಎಡಕ್ಕೆ ನಡೆಯುವುದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕಿದರೆ ಬಲಕ್ಕೆ ನಡೆಯುತ್ತೆ, 24 ಹೋಗಿ 18 ಆಗುತ್ತೆ. ಒಂದೇ ರಾಶಿಗೆ ಬಣ್ಣ ಬದಲಿಸಿ ಟೊಮೆಟೊ, ಈರುಳ್ಳಿ, ನಿಂಬೆ ಮಾಡಿದೆ. ಯಾರೂ ಗುರುತಿಸಲಿಲ್ಲ.

ಆದರೆ ಸರಳವಾಗಿ ಕಂಡದ್ದೆಲ್ಲ ಬೇಗ ಮುಗಿಯುತ್ತೆ ಅಂದುಕೊಳ್ಳಬೇಡಿ. ಲ್ಯೂಕಾಸ್ ಪೋಪ್ ಅವರು ಮಾಡಿದ ಗೇಮ್ ರಿಟರ್ನ್ ಆಫ್ ದಿ ಓಬ್ರಾ ಡಿನ್‌ನಲ್ಲಿ ಇರುವುದು ಎರಡೇ ಬಣ್ಣ. ಮೊದಲ ಡೆಮೊ 2014ರಲ್ಲಿ, ಗೇಮ್ ಬಂದದ್ದು 2018ರಲ್ಲಿ. ಚುಕ್ಕಿಗಳಲ್ಲಿ ನೆರಳು ತೋರಿಸುವಾಗ, ಕ್ಯಾಮೆರಾ ಅಲ್ಲಾಡಿದರೆ ಆ ಚುಕ್ಕಿಗಳು ಕಣ್ಣಿಗೆ ಹಿಂಸೆ ಆಗುವಂತೆ ಮಿನುಗುತ್ತವೆ. ಅದನ್ನು ನಿಲ್ಲಿಸುವುದೇ ಅವರಿಗೆ ಒಂದು ದೊಡ್ಡ ಕೆಲಸವಾಯಿತು. ಎರಿಕ್ ಬರೋನ್ ಒಬ್ಬರೇ ಮಾಡಿದ ಸ್ಟಾರ್‌ಡ್ಯೂ ವ್ಯಾಲಿಗೂ ಸುಮಾರು ನಾಲ್ಕೂವರೆ ವರ್ಷ ಹಿಡಿಯಿತು, ಅದೂ ಪಿಕ್ಸೆಲ್ ಚಿತ್ರಗಳದ್ದೇ. ಅದಕ್ಕೇ ಯಾವ ಶೈಲಿ ಆರಿಸಿದರೂ ಆ ಒಂದು ಪಾತ್ರದ ಪರೀಕ್ಷೆ ತಪ್ಪಿಸಬೇಡಿ.

ಕೊನೆಗೆ, ಆಡುವವರ ಕಣ್ಣು ಎಲ್ಲಿರುತ್ತೋ ಅಲ್ಲಿ ಖರ್ಚು ಮಾಡಿ. ನನ್ನ ಆಟದಲ್ಲಿ ಅದು ಗಾಡಿ, ಹಾಗಾಗಿ ಅದರ ಚಕ್ರಕ್ಕೆ 8 ಫ್ರೇಮ್, ಕೆಳಗೊಂದು ನೆರಳು. ಸುತ್ತ ನಿಂತ ಜನಕ್ಕೆ ಎರಡೆರಡೇ. ಮೂಲೆಯ ಎಮ್ಮೆಗೆ ಮಾತ್ರ ಬಾಲ ಅಲ್ಲಾಡಿಸಲು ನಾಲ್ಕು ಕೊಟ್ಟೆ. ಅದು ನನ್ನ ಖುಷಿಗೆ.